ಛೋಟಿ ಬಹುವನ್ನು ಸಾವಿತ್ರಿ ಮಾಡಬೇಡಿ

2025 ಗುರುದತ್ ಹುಟ್ಟಿ ನೂರು ವರ್ಷ ತುಂಬಿದ ವರ್ಷ. ಆ ನೆಪದಲ್ಲಿ ನಮ್ಮೂರಿನ ಮಹಿಳಾ ಸಮಾಜದವರು ಒಂದು ಶನಿವಾರ ಮಧ್ಯಾಹ್ನ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರವನ್ನು ತೋರಿಸಿದರು. ಕಿಟಕಿಗಳಿಗೆ ಹಳೆಯ ಬೆಡ್‌ಶೀಟು ಕಟ್ಟಿ ಕತ್ತಲೆ ಮಾಡಿ, ಯಾರ ಮನೆಯಿಂದಲೋ ತಂದ ಪ್ರೊಜೆಕ್ಟರಿನಿಂದ ಬಿಳಿ ಗೋಡೆಯ ಮೇಲೆ ಬಿಟ್ಟ ಚಿತ್ರ. ಮಧ್ಯೆ ಒಗ್ಗರಣೆ ಅವಲಕ್ಕಿ, ಕಾಫಿ. ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಜನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡೆ. ಇಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಚಿತ್ರ ಮುಗಿದ ಮೇಲೆ ಅತಿಥಿಗಳಾಗಿ ಬಂದಿದ್ದ ಹಿರಿಯರೊಬ್ಬರು ಇಪ್ಪತ್ತು ನಿಮಿಷ ಮಾತನಾಡಿದರು. ಛೋಟಿ ಬಹು ಈ ಕಲಿಯುಗದ ಸಾವಿತ್ರಿ ಎಂದರು. ಗಂಡ ಎಂಥವನೇ ಆಗಲಿ, ಅವನನ್ನು ಗೆದ್ದುಕೊಳ್ಳಲು ಆಕೆ ತನ್ನ ಸರ್ವಸ್ವವನ್ನೂ ಧಾರೆ ಎರೆದಳಲ್ಲ, ಆ ತ್ಯಾಗವೆಲ್ಲಿ, ಸಣ್ಣಪುಟ್ಟದ್ದಕ್ಕೆಲ್ಲ ಕೋರ್ಟಿನ ಮೆಟ್ಟಿಲು ಹತ್ತುವ ಇಂದಿನ ಹೆಣ್ಣುಮಕ್ಕಳೆಲ್ಲಿ ಎಂದು ಕೇಳಿದರು. ಆ ಕಾಲದ ದೊಡ್ಡಮನೆಗಳ ಗತ್ತು, ಗಾಂಭೀರ್ಯ ಈಗ ಎಲ್ಲಿ ಬಂತು ಎಂದು ನಿಟ್ಟುಸಿರುಬಿಟ್ಟರು. ಚಪ್ಪಾಳೆ ಬಿತ್ತು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ‘ಮನಮುಟ್ಟುವಂತೆ ಮಾತನಾಡಿದ ಮಾನ್ಯರಿಗೆ’ ಎಂದು ಮೂವತ್ತು ವರ್ಷದ ಅಭ್ಯಾಸಬಲದಿಂದ ಹೇಳಿ ಕೂತೆ.

ಕುರ್ಚಿ ಜೋಡಿಸಿ ಹೊರಡುವಾಗ ಒಬ್ಬಾಕೆ ನನ್ನ ಹಿಂದೆ ಬಂದಳು. ಅವಳ ಹೆಸರು ಬೇಡ. ರವಿಕೆ ಹೊಲಿದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದಾಳೆ. ದೊಡ್ಡವನು ನನ್ನ ಕೈಯಲ್ಲೇ ಓದಿದವನು. ಕುಡಿದು ಬಂದು ಹೊಡೆಯುವ ಗಂಡನ ಮನೆಯನ್ನು ನಾಲ್ಕು ವರ್ಷದ ಹಿಂದೆ ಬಿಟ್ಟು ಬಂದವಳು. ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆ, ‘ಟೀಚರ್, ನಾನೂ ಇನ್ನೊಂದಷ್ಟು ದಿನ ತಡ್ಕೊಂಡಿದ್ರೆ ಅವರು ಸರಿಹೋಗ್ತಿದ್ರೇನೋ, ಅಲ್ವಾ?’ ಎಂದಳು.

‘ಛೆ, ಅದೆಲ್ಲ ಯೋಚನೆ ಮಾಡ್ಬೇಡ’ ಎಂದೆ. ಅಷ್ಟೇ ಹೇಳಲು ಬಂತು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ವಂದನೆ ಹೇಳಿದ ಬಾಯಿಂದಲೇ ಆ ಭಾಷಣವನ್ನು ಒಪ್ಪುವುದಿಲ್ಲ ಎಂದೂ ಹೇಳಬೇಕಾಗಿದೆ.

ಮೊದಲಿಗೆ ಒಂದು ಮಾತು. ಆ ಚಿತ್ರದ ಮೇಲೆ ನನಗೆ ಹಗೆಯಿಲ್ಲ. 1962ರಲ್ಲಿ ಬಂದ ಆ ಚಿತ್ರವನ್ನು ಮೊದಲು ನೋಡಿದ್ದು ಹುಡುಗಿಯಾಗಿದ್ದಾಗ, ದೂರದರ್ಶನದಲ್ಲಿ. ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿರ್ಮಾಪಕ ಗುರುದತ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಕ್ಯಾಮೆರಾ ಹಿಡಿದ ವಿ. ಕೆ. ಮೂರ್ತಿಯವರು ಮೈಸೂರಿನವರು, ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿಗೆ ಫಾಲ್ಕೆ ಪ್ರಶಸ್ತಿ ಬಂದದ್ದು ಅವರ ಮೂಲಕ, 2008ನೇ ಸಾಲಿಗೆ. ನಿರ್ದೇಶಕರೆಂದು ಹೆಸರಿರುವುದು ಅಬ್ರಾರ್ ಅಲ್ವಿಯವರದು. ಕಥೆ ಬಿಮಲ್ ಮಿತ್ರ ಅವರ ಬಂಗಾಳಿ ಕಾದಂಬರಿಯದು. ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಚಿತ್ರಕ್ಕೆ, ನಿರ್ದೇಶಕರಿಗೆ, ಮೀನಾಕುಮಾರಿಗೆ, ಮೂರ್ತಿಯವರಿಗೆ ನಾಲ್ವರಿಗೂ ಪ್ರಶಸ್ತಿ ಬಂತು. ಅಷ್ಟಕ್ಕೂ ಅರ್ಹವಾದ ಚಿತ್ರವೇ. ನನ್ನ ಜಗಳ ಚಿತ್ರದೊಂದಿಗಿಂತ ಹೆಚ್ಚಾಗಿ ಅದನ್ನು ನಾವು ನೋಡುವ ರೀತಿಯೊಂದಿಗೆ. ಚಿತ್ರದೊಂದಿಗೂ ಒಂದೆರಡು ಮಾತಿನ ಜಗಳವಿದೆ. ಅದನ್ನೂ ಮುಚ್ಚಿಡುವುದಿಲ್ಲ.

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬ್ರಿಟಿಷರ ಕಾಲದ ಕಲ್ಕತ್ತೆ. ಚೌಧರಿ ಜಮೀನ್ದಾರರ ಹವೇಲಿ. ಹಳ್ಳಿಯಿಂದ ಕೆಲಸ ಹುಡುಕಿ ಬಂದ ಭೂತನಾಥ ಅಲ್ಲಿ ಬಂಧುವಿನ ಕೋಣೆಯಲ್ಲಿ ಉಳಿದುಕೊಂಡು ‘ಮೋಹಿನಿ ಸಿಂಧೂರ’ ಎಂಬ ಕುಂಕುಮದ ಕಾರ್ಖಾನೆಗೆ ಸೇರುತ್ತಾನೆ. ಆ ಕುಂಕುಮ ಇಟ್ಟುಕೊಂಡರೆ ದೂರವಾದ ಗಂಡ ಹತ್ತಿರವಾಗುತ್ತಾನೆಂದು ಜಾಹೀರಾತು. ತಮಾಷೆಯೆಂದರೆ ಕಾರ್ಖಾನೆಯ ಯಜಮಾನರು ಬ್ರಹ್ಮಸಮಾಜದ ಸುಧಾರಕರು! ಹವೇಲಿಯ ಕಿರಿಯ ಸೊಸೆ ಛೋಟಿ ಬಹು ಒಂದು ರಾತ್ರಿ ಭೂತನಾಥನನ್ನು ಗುಟ್ಟಾಗಿ ಕರೆಸಿ ಆ ಕುಂಕುಮ ತಂದುಕೊಡೆಂದು ಕೇಳುತ್ತಾಳೆ. ಅವಳ ಗಂಡ ರಾತ್ರಿಗಳನ್ನು ಕಳೆಯುವುದು ನರ್ತಕಿಯ ಮನೆಯಲ್ಲಿ. ಕುಂಕುಮ ಕೆಲಸ ಮಾಡುವುದಿಲ್ಲ. ಅವರಂತೆ ನೀನು ಹಾಡಬಲ್ಲೆಯಾ, ಕುಡಿಯಬಲ್ಲೆಯಾ ಎಂದು ಗಂಡ ಕೇಳುತ್ತಾನೆ. ಅವಳು ಕುಡಿಯುತ್ತಾಳೆ. ಮೊದಲು ಅವನಿಗಾಗಿ, ಆಮೇಲೆ ಬಿಡಲಾರದೆ. ಗಂಡ ಪಾರ್ಶ್ವವಾಯು ಬಡಿದು ಮಲಗುತ್ತಾನೆ, ಆಸ್ತಿ ಕರಗುತ್ತದೆ. ಗಂಡನಿಗಾಗಿ ಸಾಧುವೊಬ್ಬನನ್ನು ಕಾಣಲು ಅವಳು ಭೂತನಾಥನ ಜೊತೆ ಗಾಡಿಯಲ್ಲಿ ಹೊರಟಾಗ ಭಾವನ ಆಳುಗಳು ಅಡ್ಡಗಟ್ಟುತ್ತಾರೆ. ಆಮೇಲೆ ಅವಳನ್ನು ಯಾರೂ ಕಾಣುವುದಿಲ್ಲ. ವರ್ಷಗಳು ಕಳೆದು, ಹವೇಲಿಯನ್ನು ಕೆಡವಿಸುತ್ತಿರುವ ಮೇಲ್ವಿಚಾರಕನಾಗಿ ಬಂದ ಭೂತನಾಥನ ಕಣ್ಣೆದುರೇ ನೆಲದಡಿಯಿಂದ ಒಂದು ಅಸ್ಥಿಪಂಜರ ಬರುತ್ತದೆ. ಅದರ ಕೈಯಲ್ಲಿ ಅವಳ ಬಳೆ.

ಈ ಕಥೆಯಲ್ಲಿ ಸಾವಿತ್ರಿ ಎಲ್ಲಿದ್ದಾಳೆ?

ನಮ್ಮ ಪುರಾಣದ ಸಾವಿತ್ರಿಯನ್ನಾದರೂ ಸರಿಯಾಗಿ ನೆನಪಿಸಿಕೊಳ್ಳೋಣ. ಆಕೆ ತನ್ನ ಗಂಡನನ್ನು ತಾನೇ ಊರೂರು ಸುತ್ತಿ ಹುಡುಕಿ ಆರಿಸಿಕೊಂಡವಳು. ಅಲ್ಪಾಯುಷಿ, ಬೇಡ ಎಂದು ಹಿರಿಯರು ಹೇಳಿದರೂ ಪಟ್ಟು ಬಿಡದವಳು. ಯಮನ ಹಿಂದೆ ನಡೆದು, ವಾದಿಸಿ, ಮಾವನಿಗೆ ಕಣ್ಣು ಮತ್ತು ರಾಜ್ಯ, ತನ್ನ ತಂದೆಗೆ ಗಂಡುಮಕ್ಕಳು, ತನಗೆ ಮಕ್ಕಳು ಎಂದು ಒಂದೊಂದಾಗಿ ವರ ಕಿತ್ತುಕೊಂಡ ಜಾಣೆ. ಅವಳ ಕೈಯಲ್ಲಿ ಮಾತಿತ್ತು, ಕಾಲಿಗೆ ದಾರಿಯಿತ್ತು. ಸತ್ಯವಾನನಾದರೂ ಅವಳನ್ನು ಹೀಯಾಳಿಸಿದವನಲ್ಲ. ಛೋಟಿ ಬಹುವಿಗೆ ಇವುಗಳಲ್ಲಿ ಒಂದಾದರೂ ಇತ್ತೇ? ಮನೆಯ ಹೆಬ್ಬಾಗಿಲು ದಾಟಿದ್ದಕ್ಕೇ ಅವಳ ಜೀವ ಹೋಯಿತು. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುವವರಿಗೆ ಸಾವಿತ್ರಿಯೂ ಗೊತ್ತಿಲ್ಲ, ಛೋಟಿ ಬಹುವೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಒಂದೇ: ಹೆಣ್ಣು ತಡೆದುಕೊಳ್ಳಬೇಕು.

ಚಿತ್ರದಲ್ಲೇ ಒಂದು ಸನ್ನಿವೇಶವಿದೆ. ಹೆಂಡತಿ ಬೇಡಿಕೊಂಡಾಗ ಗಂಡ ಅವಳಿಗೆ ಬುದ್ಧಿ ಹೇಳುತ್ತಾನೆ: ಮನೆಯ ಬೇರೆ ಸೊಸೆಯರಂತೆ ನೀನೂ ಒಡವೆ ಮುರಿಸು, ಹೊಸದು ಮಾಡಿಸು, ಕವಡೆ ಆಡು, ಮಲಗು. ಇಡೀ ಚಿತ್ರದಲ್ಲಿ ಇದಕ್ಕಿಂತ ಕ್ರೂರವಾದ ಮಾತಿಲ್ಲ, ಇದಕ್ಕಿಂತ ಪ್ರಾಮಾಣಿಕವಾದ ಮಾತೂ ಇಲ್ಲ. ಆ ಮನೆಯಲ್ಲಿ ಹೆಂಗಸಿಗೆ ಇದ್ದ ಕೆಲಸ ಅಷ್ಟೇ. ಹಿರಿಯ ಸೊಸೆ ವಿಧವೆ. ಮಡಿಯ ಹುಚ್ಚಿನಲ್ಲಿ ಮತ್ತೆ ಮತ್ತೆ ಕೈ ತೊಳೆಯುತ್ತಿರುತ್ತಾಳೆ. ಅವಳನ್ನು ಕಂಡು ನಾವು ನಗುತ್ತೇವೆ. ನಗುವಂಥದ್ದೇನಿದೆ? ಒಬ್ಬಳು ನೀರಿನಲ್ಲಿ ಮುಳುಗಿದಳು, ಇನ್ನೊಬ್ಬಳು ಮದ್ಯದಲ್ಲಿ ಮುಳುಗಿದಳು. ಇಬ್ಬರನ್ನೂ ಮುಳುಗಿಸಿದ್ದು ಒಂದೇ ಮನೆ.

ಛೋಟಿ ಬಹು ಗಂಡನನ್ನು ಅಷ್ಟೊಂದು ಹಂಬಲಿಸಿದ್ದು ಯಾಕೆ? ಪ್ರೀತಿ ಎನ್ನುತ್ತಾರೆ. ಇರಬಹುದು. ಆದರೆ ಅವಳಿಗೆ ಓದು ಇರಲಿಲ್ಲ, ಮಕ್ಕಳಿರಲಿಲ್ಲ, ಹೊರಗೆ ಹೋಗುವ ಹಾಗಿರಲಿಲ್ಲ. ಹಿಂತಿರುಗಿ ಹೋಗಲು ತವರಿನ ಬಾಗಿಲು ನಮಗೆ ಎಲ್ಲೂ ಕಾಣುವುದಿಲ್ಲ. ಮನುಷ್ಯರ ಜೊತೆ ಮಾತಾಡಬೇಕೆಂದರೆ ಗಂಡನೊಬ್ಬ, ಇಲ್ಲವಾದರೆ ಆಳು ಬನ್ಸಿ. ಒಂದೇ ಒಂದು ಕಿಟಕಿಯಿರುವ ಕೋಣೆಯಲ್ಲಿ ಕೂಡಿಹಾಕಿದರೆ ಯಾರಾದರೂ ಆ ಕಿಟಕಿಯ ಕಡೆಗೇ ನೋಡುತ್ತಾರೆ. ಅದನ್ನು ಕಿಟಕಿಯ ಮೇಲಿನ ಭಕ್ತಿ ಎಂದು ಹೊಗಳುವುದು ಅನ್ಯಾಯ.

ಇನ್ನು ಅವಳನ್ನು ಕೊಂದವರು ಯಾರು? ಆವತ್ತಿನ ಭಾಷಣದಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. ವಿಧಿ ಎಂದರು, ಮದ್ಯ ಎಂದರು. ವಿಧಿಯೂ ಅಲ್ಲ, ಮದ್ಯವೂ ಅಲ್ಲ. ಮನೆಯ ಯಜಮಾನಿಕೆ ನಡೆಸುತ್ತಿದ್ದ ಭಾವ ಕೊಲ್ಲಿಸಿದ. ತನ್ನ ತಮ್ಮ ನರ್ತಕಿಯ ಮನೆಯಲ್ಲಿ ಬಿದ್ದಿರುವಾಗ ಹೋಗದ ಮನೆಯ ಮರ್ಯಾದೆ, ಸೊಸೆ ರಾತ್ರಿ ಗಾಡಿ ಹತ್ತಿದಾಗ ಹೋಗಿಬಿಟ್ಟಿತು.

ಇಲ್ಲಿ ಚಿತ್ರ ಹೇಳದ ಒಂದು ಮಾತನ್ನು ನಾನು ಸೇರಿಸುತ್ತೇನೆ. ನಮ್ಮ ಕಡೆ ಹಿಂದೂ ಕುಟುಂಬಗಳಿಗೆ ಹಿಂದೆ ಅನ್ವಯಿಸುತ್ತಿದ್ದುದು ಮಿತಾಕ್ಷರ ಪದ್ಧತಿ. ಬಂಗಾಳದಲ್ಲಿದ್ದುದು ದಾಯಭಾಗ. ದಾಯಭಾಗದ ಪ್ರಕಾರ ಗಂಡುಮಕ್ಕಳಿಲ್ಲದೆ ಸತ್ತವನ ಪಾಲು, ಅವನು ಅವಿಭಕ್ತ ಕುಟುಂಬದಲ್ಲಿದ್ದರೂ, ಅವಳು ಬದುಕಿರುವವರೆಗೆ ಅವನ ವಿಧವೆಗೆ ಸೇರುತ್ತಿತ್ತು. ಮಾರುವ, ದಾನ ಕೊಡುವ ಪೂರ್ಣ ಹಕ್ಕಿಲ್ಲದಿದ್ದರೂ ಪಾಲು ಪಾಲೇ. ಹೆಣ್ಣಿಗೆ ಒಳ್ಳೆಯದೆಂದು ತೋರುವ ಈ ನಿಯಮವೇ ಎಷ್ಟೋ ಮನೆಗಳಲ್ಲಿ ಅವಳಿಗೆ ಮುಳುವಾಯಿತು. ರಾಮಮೋಹನ ರಾಯರು 1822ರಲ್ಲೇ ಹೆಂಗಸರ ಆಸ್ತಿಹಕ್ಕಿನ ಮೇಲೆ ಪುಸ್ತಿಕೆ ಬರೆದು ಈ ಅನ್ಯಾಯವನ್ನು ಎತ್ತಿ ತೋರಿಸಿದರು. ಬಂಗಾಳದಲ್ಲಿ ಸಹಗಮನ ಅಷ್ಟು ಹೆಚ್ಚಾಗಿದ್ದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಆಮೇಲಿನ ಚರಿತ್ರೆಕಾರರೂ ಚರ್ಚಿಸಿದ್ದಾರೆ. ಈಗ ಛೋಟಿ ಬಹುವನ್ನು ನೋಡಿ. ಮಕ್ಕಳಿಲ್ಲ. ಗಂಡ ಹಾಸಿಗೆ ಹಿಡಿದಿದ್ದಾನೆ. ಅವನು ಕಣ್ಣು ಮುಚ್ಚಿದರೆ ಅವನ ಪಾಲು ಯಾರಿಗೆ? ಮುಳುಗುತ್ತಿರುವ ಮನೆಯೇ ಆದರೂ, ಪಾಲಿಗೆ ಬರಬಹುದಾದ ಹೆಂಗಸು ಬಿಟ್ಟುಕೊಡಲು ಸುಲಭವಾದ ಲೆಕ್ಕವಲ್ಲ. ಭಾವನ ಮನಸ್ಸಿನಲ್ಲಿ ಇದೇ ಇತ್ತು ಎಂದು ನಾನು ಹೇಳಲಾರೆ. ಚಿತ್ರ ಮರ್ಯಾದೆಯ ಮಾತನ್ನಷ್ಟೇ ಆಡುತ್ತದೆ. ಆದರೆ ಮರ್ಯಾದೆ ಎಂಬ ಪದದ ಕೆಳಗೆ ಎಷ್ಟು ಸಲ ಪಹಣಿ ಪತ್ರ ಮಡಿಸಿಟ್ಟಿರುತ್ತದೆ ಎಂಬುದನ್ನು ಊರಿನಲ್ಲಿ ಬಾಳಿದ ಹೆಂಗಸರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ದೊಡ್ಡಮನೆಯ ಗತ್ತಿನ ಮಾತಿಗೆ ಬರೋಣ. ಆ ಗತ್ತಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು?

1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಕಾಯಂ ಜಮೀನ್ದಾರಿಯನ್ನು ತಂದ. ರೈತನಿಂದ ವಸೂಲಾದ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಕಂಪೆನಿಗೆ, ಒಂದು ಪಾಲು ಜಮೀನ್ದಾರನಿಗೆ ಎಂಬ ಲೆಕ್ಕ. ಕಂಪೆನಿಗೆ ಕಟ್ಟಬೇಕಾದ ಮೊತ್ತ ಶಾಶ್ವತವಾಗಿ ನಿಗದಿಯಾಯಿತು. ಗೊತ್ತಾದ ದಿನ ಸೂರ್ಯ ಮುಳುಗುವುದರೊಳಗೆ ಕಟ್ಟದಿದ್ದರೆ ಜಮೀನ್ದಾರಿ ಹರಾಜು. ಆದರೆ ರೈತನಿಂದ ಎಷ್ಟು ಕೀಳಬಹುದು ಎಂಬುದಕ್ಕೆ ಗಟ್ಟಿಯಾದ ಮಿತಿಯೇ ಇರಲಿಲ್ಲ. ಕಾಡು ಕಡಿದು ಹೊಲವಾದಂತೆ, ಬೆಲೆ ಏರಿದಂತೆ, ಹೆಚ್ಚಿದ್ದೆಲ್ಲ ಜಮೀನ್ದಾರನ ಜೇಬಿಗೆ. ಅವನು ಕಲ್ಕತ್ತೆಯಲ್ಲಿ ಕೂತ. ಹಳ್ಳಿಯಲ್ಲಿ ಗುಮಾಸ್ತರು, ಅವರ ಕೆಳಗೆ ಒಳಗುತ್ತಿಗೆದಾರರು, ಅವರ ಕೆಳಗೆ ಮತ್ತೊಬ್ಬರು. ಎಲ್ಲರ ಭಾರವೂ ಉಳುವವನ ಬೆನ್ನಮೇಲೆ. ಗೇಣಿ ಸಾಲದೆಂದು ‘ಅಬ್ವಾಬ್’ ಎಂಬ ಮೇಲುವಸೂಲಿ. ಜಮೀನ್ದಾರನ ಮನೆಯಲ್ಲಿ ಮದುವೆಯಾದರೆ ರೈತ ಕೊಡಬೇಕು, ಹಬ್ಬವಾದರೆ ಕೊಡಬೇಕು. ಕಾನೂನು ಅದನ್ನು ಒಪ್ಪುತ್ತಿರಲಿಲ್ಲ. ಆದರೆ ಕಾನೂನು ಇದ್ದದ್ದು ಪೇಟೆಯಲ್ಲಿ.

ಚಿತ್ರದಲ್ಲಿ ನಡುವಿನವನ ಮನೆಯ ಬೆಕ್ಕಿಗೆ ಮದುವೆಯಾಗುತ್ತದೆ. ಮನುಷ್ಯರ ಮದುವೆಯಂತೆ ದುಡ್ಡು ಚೆಲ್ಲುತ್ತಾರೆ. ಪ್ರತಿಸ್ಪರ್ಧಿಯ ಜೊತೆ ಪಾರಿವಾಳದ ಪೈಪೋಟಿ ನಡೆಯುತ್ತದೆ. ನಮ್ಮ ಸಭೆಯಲ್ಲಿ ಎಲ್ಲರೂ ಬಾಯಿತುಂಬ ನಕ್ಕರು. ‘ಎಂಥ ರಸಿಕರು!’ ಎಂದರು ಯಾರೋ. ಆ ಬೆಕ್ಕಿನ ಮದುವೆಯ ಊಟ ಯಾವ ಹಳ್ಳಿಯ ಕಣಜದಿಂದ ಬಂತು ಎಂದು ಯಾರೂ ಕೇಳಲಿಲ್ಲ. ಚಿತ್ರವೂ ನಮ್ಮನ್ನು ಕೇಳಲು ಬಿಡುವುದಿಲ್ಲ. ಕಥೆಯೆಲ್ಲ ಸುತ್ತುವುದು ಹವೇಲಿಯ ಗೋಡೆಗಳ ನಡುವೆ. ದುಡ್ಡು ಹುಟ್ಟುವ ಹೊಲ ಅದರ ಕೇಂದ್ರಕ್ಕೆ ಬರುವುದೇ ಇಲ್ಲ. ಇದೇ ಚಿತ್ರದೊಂದಿಗೆ ನನ್ನ ಜಗಳ.

ಅದರ ಹೆಸರನ್ನೇ ನೋಡಿ. ಸಾಹೇಬ, ಬೀಬಿ, ಗುಲಾಮ ಎಂದರೆ ಇಸ್ಪೀಟಿನ ರಾಜ, ರಾಣಿ, ಗುಲಾಮ. ನಾವೂ ಕನ್ನಡದಲ್ಲಿ ಆ ಎಲೆಯನ್ನು ಗುಲಾಮ ಎಂದೇ ಕರೆಯುತ್ತೇವೆ. ಮುಖವಿರುವ ಎಲೆಗಳು ಈ ಮೂರೇ. ಎರಡರಿಂದ ಹತ್ತರವರೆಗಿನ ಎಲೆಗಳಿಗೆ ಮುಖವಿಲ್ಲ, ಬರೀ ಲೆಕ್ಕ. ಆದರೆ ಕಟ್ಟಿನಲ್ಲಿ ಹೆಚ್ಚಿರುವುದು ಅವೇ. ಚಿತ್ರದಲ್ಲಿ ನರ್ತಕಿಯ ಹಾಡೊಂದಿದೆ; ಮೂರ್ತಿಯವರ ಬೆಳಕಿಗೆ ಹೆಸರಾದದ್ದು. ಮುಖ್ಯ ನರ್ತಕಿಯ ಮೇಲೆ ಬೆಳಕು, ಜೊತೆಯ ಕುಣಿತದವರೆಲ್ಲ ಹಾಡು ಮುಗಿಯುವವರೆಗೂ ಕಪ್ಪು ನೆರಳು. ನೋಡಲು ಅದ್ಭುತ. ಆದರೆ ಈ ಸಲ ಅದನ್ನು ನೋಡುವಾಗ ನನಗೆ ಆ ನೆರಳುಗಳ ಮೇಲೇ ಕಣ್ಣು. ಅವರ ಮುಖ ಹೇಗಿತ್ತು? ಅವರಿಗೆ ಕೊಟ್ಟ ಕೂಲಿ ಎಷ್ಟು? ಛೋಟಿ ಬಹುವಿನ ದುಃಖಕ್ಕೆ ಅಷ್ಟು ಬೆಳಕು ಚೆಲ್ಲಿದವರು, ಅವಳ ಸೀರೆಗೆ ದುಡ್ಡು ಕೊಟ್ಟ ರೈತನ ಹೆಂಡತಿಗೆ ಒಂದು ಮಿಣುಕು ದೀಪವನ್ನಾದರೂ ಹಿಡಿಯಬಹುದಿತ್ತು.

ಹಾಗೆಂದು ಬಂಗಾಳದ ರೈತರು ಬಾಯಿಮುಚ್ಚಿಕೊಂಡಿರಲಿಲ್ಲ. 1873ರಲ್ಲಿ ಪಾಬ್ನಾ ಜಿಲ್ಲೆಯ ರೈತರು ಒಕ್ಕೂಟ ಕಟ್ಟಿಕೊಂಡು, ಏರಿಸಿದ ಗೇಣಿ ಕೊಡುವುದಿಲ್ಲವೆಂದು ನಿಂತರು. ಹಣ ಕೂಡಿಸಿ ಕೋರ್ಟಿನಲ್ಲಿ ದಾವೆ ನಡೆಸಿದರು. 1885ರಲ್ಲಿ ಗೇಣಿದಾರರ ಕಾಯಿದೆ ಬಂತು. ಜಮೀನ್ದಾರಿಯನ್ನು ಮುಗಿಸುವ ಕಾಯಿದೆಯನ್ನು ಪಶ್ಚಿಮ ಬಂಗಾಳ ಮಾಡಿದ್ದು 1953ರಲ್ಲಿ. ಬಿಮಲ್ ಮಿತ್ರರ ಕಾದಂಬರಿ ಪುಸ್ತಕವಾಗಿ ಬಂದದ್ದೂ ಅದೇ ವರ್ಷ. ಹವೇಲಿ ತಾನಾಗಿ ಕುಸಿಯಲಿಲ್ಲ, ಜನ ಅದನ್ನು ತಳ್ಳಿದರು ಎಂಬುದು ನಮಗೆ ನೆನಪಿರಬೇಕು. ಕಾಲದ ಮಹಿಮೆ, ಗಡಿಯಾರದ ಲೀಲೆ ಎಂದೆಲ್ಲ ಹೇಳಿ ಅಳುವುದು ಸುಲಭ.

ನನಗೆ ಈ ವಿಷಯದಲ್ಲಿ ಇಷ್ಟು ಕೋಪ ಯಾಕೆ ಎಂದು ನೀವು ಕೇಳಬಹುದು. ನಮ್ಮಜ್ಜಿ ಅಂಥದೊಂದು ಮನೆಯ ಹಿತ್ತಲಿನಲ್ಲಿ ಭತ್ತ ಕುಟ್ಟಿದವಳು. ಬಂಗಾಳದ ಜಮೀನ್ದಾರರಷ್ಟು ದೊಡ್ಡವರಲ್ಲ; ಊರಿಗೆ ದೊಡ್ಡವರು. ಹಿತ್ತಲ ಬಾಗಿಲಿನಿಂದ ಒಳಗೆ, ಹಿತ್ತಲ ಬಾಗಿಲಿನಿಂದ ಹೊರಗೆ. ಕೂಲಿಗೆ ನುಚ್ಚು. ಆ ಮನೆಯ ಕಿರಿ ಸೊಸೆಯ ಬಗ್ಗೆ ಅಜ್ಜಿ ಹೇಳುತ್ತಿದ್ದಳು: ‘ಆಯಮ್ಮನ ಮುಖಾನೇ ನಾನು ನೋಡ್ಲಿಲ್ಲ ಕಣೆ. ಬಳೆ ಸದ್ದು ಕೇಳೋದು, ಒಂದೊಂದಿನ ಅಳೋ ಸದ್ದು ಕೇಳೋದು.’ ಭೂತನಾಥ ಛೋಟಿ ಬಹುವಿನ ಕೋಣೆಗೆ ಹೋದಾಗ ತಲೆ ಎತ್ತದೆ ಮೊದಲು ಅವಳ ಪಾದಗಳನ್ನಷ್ಟೇ ನೋಡುತ್ತಾನಲ್ಲ, ಆ ದೃಶ್ಯ ಬಂದಾಗಲೆಲ್ಲ ನನಗೆ ಅಜ್ಜಿ ನೆನಪಾಗುತ್ತಾಳೆ. ಒನಕೆ ಹಿಡಿದ ಹೆಂಗಸು ಗೋಡೆಯ ಈಚೆ, ಅಳುವ ಹೆಂಗಸು ಗೋಡೆಯ ಆಚೆ. ಗೋಡೆ ಕಟ್ಟಿದವನು ಒಬ್ಬನೇ. ಆದರೆ ಒಬ್ಬಳ ದುಃಖ ಮಾತ್ರ ಸಿನಿಮಾ ಆಗುತ್ತದೆ.

ನಮ್ಮ ಕನ್ನಡದಲ್ಲಿ ಗೋಡೆಯ ಈಚೆಯಿಂದ ತೆಗೆದ ಚಿತ್ರವೂ ಇದೆ. ಶಿವರಾಮ ಕಾರಂತರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ‘ಚೋಮನ ದುಡಿ’ ಎಂದು ತೆರೆಗೆ ತಂದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದೂ ಬ್ರಿಟಿಷರ ಕಾಲದ ಕಥೆಯೇ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಬೆಳ್ಳಿಯ ದೇಹವೂ ಸಾಲಕ್ಕೆ ಜಮೆಯಾಗುತ್ತದೆ. ಅವಳನ್ನು ಯಾರೂ ಸಾವಿತ್ರಿ ಎನ್ನಲಿಲ್ಲ. ಅವಳ ಮೇಲೆ ಇಪ್ಪತ್ತು ನಿಮಿಷದ ಭಾಷಣ ಮಾಡಿದವರನ್ನು ನಾನು ಕಾಣೆ. ಛೋಟಿ ಬಹುವಿಗಾಗಿ ಅತ್ತ ನಾವು ಬೆಳ್ಳಿಗಾಗಿಯೂ ಅಳಬಲ್ಲೆವಾದರೆ ಮಾತ್ರ ನಮ್ಮ ಕಣ್ಣೀರಿಗೆ ಬೆಲೆ. ರೇಷ್ಮೆ ಸೀರೆ ಉಟ್ಟ ದುಃಖಕ್ಕೆ ಮಾತ್ರ ಕರಗುವ ಮನಸ್ಸು ಕರುಣೆಯದಲ್ಲ. ಅದು ಸೀರೆಯ ಆಸೆಯದು. ಸಂಜೆಯಾದರೆ ಟಿ.ವಿ. ಧಾರಾವಾಹಿಗಳಲ್ಲಿ ನಾವು ನೋಡುವುದೂ ಅದನ್ನೇ ಅಲ್ಲವೇ? ದೊಡ್ಡ ಮನೆ, ದೊಡ್ಡ ಮೆಟ್ಟಿಲು, ಮಲಗುವಾಗಲೂ ಜರಿ ಸೀರೆ, ತಡೆದುಕೊಂಡೇ ಗೆಲ್ಲುವ ಸೊಸೆ. ಆ ಮನೆಯವರು ಏನು ಕೆಲಸ ಮಾಡುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಎಂದು ಯಾವ ಧಾರಾವಾಹಿಯಾದರೂ ಸರಿಯಾಗಿ ಹೇಳಿದ್ದುಂಟೇ?

‘ಆ ಕಾಲವೇ ಹಾಗಿತ್ತು, ಪಾಪ, ಅವಳು ಇನ್ನೇನು ಮಾಡಬಹುದಿತ್ತು’ ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಅವಳೊಬ್ಬಳೇ ಏನೂ ಮಾಡಲಾಗುತ್ತಿರಲಿಲ್ಲ. ಆದರೆ ಕಾಲದ ಮೇಲೆ ಎಲ್ಲ ಹೊರೆ ಹಾಕಬೇಡಿ. ಅದೇ ಕಲ್ಕತ್ತೆಯಲ್ಲಿ 1849ರಲ್ಲೇ ಬೆಥೂನ್ ಹೆಣ್ಣುಮಕ್ಕಳ ಶಾಲೆ ತೆರೆದಿತ್ತು. 1883ರಲ್ಲಿ ಚಂದ್ರಮುಖಿ ಬಸು, ಕಾದಂಬಿನಿ ಗಂಗೂಲಿ ಇಬ್ಬರೂ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿ ಪಡೆದರು; ಕಾದಂಬಿನಿ ಮುಂದೆ ವೈದ್ಯೆಯಾದರು. ಚಿತ್ರದೊಳಗೇ ಕುಂಕುಮದ ಕಾರ್ಖಾನೆಯ ಮಗಳು ಜಬಾ ಇದ್ದಾಳೆ. ಓದಿದವಳು, ಗಂಡಸರೆದುರು ನಗುವವಳು, ಜಗಳವಾಡುವವಳು. ಅವಳು ಬದುಕಿ ಉಳಿಯುತ್ತಾಳೆ. ಎರಡೂ ಒಂದೇ ಊರು, ಒಂದೇ ಕಾಲ. ವ್ಯತ್ಯಾಸ ಮಾಡಿದ್ದು ಕಾಲವಲ್ಲ, ಮನೆ. ಕೆಲವು ಮನೆಗಳು ಹೆಣ್ಣುಮಕ್ಕಳಿಗೆ ಪುಸ್ತಕ ಕೊಟ್ಟವು, ಕೆಲವು ಕವಡೆ ಕೊಟ್ಟವು. ನಾವು ಯಾವ ಮನೆಯನ್ನು ಹೊಗಳುತ್ತೇವೆ ಎಂಬುದರ ಮೇಲೆ ನಮ್ಮ ಮಕ್ಕಳು ಯಾವ ಮನೆ ಕಟ್ಟುತ್ತಾರೆ ಎಂಬುದು ನಿಂತಿದೆ.

‘ಸಿನಿಮಾ ತಾನೆ, ಇಷ್ಟೊಂದು ಯಾಕೆ ತಲೆಕೆಡಿಸಿಕೊಳ್ಳುತ್ತೀರಿ’ ಎಂದೂ ಕೇಳಬಹುದು. ಸಿನಿಮಾ ಮಾತ್ರವಾಗಿದ್ದರೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆವತ್ತು ಒಬ್ಬ ಹೆಂಗಸು ತನ್ನ ನಾಲ್ಕು ವರ್ಷದ ಧೈರ್ಯವನ್ನು ಆ ಭಾಷಣದ ತಕ್ಕಡಿಯಲ್ಲಿಟ್ಟು ತೂಗಿ, ತಾನು ಸೋತವಳೆಂದು ತಿಳಿದು ಮನೆಗೆ ಹೋದಳು.

ಅವಳಿಗೆ ನಾನು ಹೇಳಬೇಕಾಗಿದ್ದುದು ಇದು. ತಾಯಿ, ಛೋಟಿ ಬಹು ಇನ್ನಷ್ಟು ದಿನ ತಡೆದುಕೊಂಡಳು. ಆಮೇಲೆ ಇನ್ನಷ್ಟು ದಿನ ತಡೆದುಕೊಂಡಳು. ಕೊನೆಗೆ ಗಂಡ ಅವಳ ಬಳಿ ಬಂದು ಉಳಿದನಲ್ಲ ಎನ್ನುತ್ತಾರೆ. ಹೌದು, ಉಳಿದ. ಕೈಕಾಲು ಬಿದ್ದ ಮೇಲೆ, ಎಲ್ಲಿಗೂ ಹೋಗಲಾಗದೆ ಉಳಿದ. ಆ ಹೊತ್ತಿಗೆ ಅವಳ ಆರೋಗ್ಯ ಹೋಗಿತ್ತು, ಹೆಸರು ಹೋಗಿತ್ತು. ಸ್ವಲ್ಪ ದಿನಕ್ಕೆ ಜೀವವೂ ಹೋಯಿತು. ತಡೆದುಕೊಂಡದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ನೆಲದಡಿಯ ಮಣ್ಣು. ನಿನ್ನ ಮಕ್ಕಳಿಗೆ ಅಮ್ಮ ಉಳಿದಿದ್ದಾಳೆ. ನೀನು ಗಾಡಿ ಹತ್ತಿದೆ, ದಾಟಿದೆ. ನಿನ್ನನ್ನು ಯಾರೂ ಹೂತುಹಾಕಲಿಲ್ಲ. ಸೋತವಳು ನೀನಲ್ಲ.

ಅವಳಿಗಿಲ್ಲದ ಕೆಲವು ಬಾಗಿಲುಗಳು ನಿನಗಿವೆ ಎಂದೂ ಹೇಳಬೇಕಿತ್ತು. 1955ರ ಹಿಂದೂ ವಿವಾಹ ಕಾಯಿದೆ ಬೇರೆಯಾಗುವ ದಾರಿ ಕೊಟ್ಟಿದೆ. ತವರಿನ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ನಮ್ಮ ಕರ್ನಾಟಕ 1994ರಲ್ಲೇ ಬರೆಯಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಅದೇ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಹೊಡೆಯುವವನಿಂದ ರಕ್ಷಣೆ, ವಾಸಕ್ಕೆ ಜಾಗ, ಜೀವನಾಂಶ ಕೇಳಬಹುದು. ಕೋರ್ಟಿನ ಮೆಟ್ಟಿಲು ಹತ್ತುವುದು ಸಣ್ಣತನವೆಂದು ಹೇಳುವವರಿಗೆ ಒಂದು ಮಾತು: ಆ ಮೆಟ್ಟಿಲನ್ನು ಕಟ್ಟಿಸಲು ನೂರಾರು ವರ್ಷ ಹಿಡಿದಿದೆ. ಹತ್ತಲಿಕ್ಕೇ ಕಟ್ಟಿಸಿದ್ದು.

ಮುಂದಿನ ತಿಂಗಳು ಸಮಾಜದಲ್ಲಿ ‘ಚೋಮನ ದುಡಿ’ ತೋರಿಸಬೇಕೆಂದು ನಾನು ಕೇಳಿದ್ದೇನೆ. ‘ಅದು ತುಂಬ ದುಃಖದ ಚಿತ್ರ ಅಲ್ವಾ ಟೀಚರ್’ ಎಂದರು ಕಾರ್ಯದರ್ಶಿಗಳು. ಛೋಟಿ ಬಹುವಿನದು ಸುಖದ ಚಿತ್ರವಾಗಿತ್ತೇ ಎಂದು ಕೇಳಿದೆ. ಅವರು ನಕ್ಕು ಒಪ್ಪಿದ್ದಾರೆ. ಅಂದು ಮಾತನಾಡಲು ಹೊರಗಿನ ಅತಿಥಿ ಬೇಡ ಎಂದೂ ಹೇಳಿದ್ದೇನೆ. ಚಿತ್ರ ನೋಡಿದ ಹೆಂಗಸರೇ ಮಾತಾಡಲಿ. ರವಿಕೆ ಹೊಲಿಯುವ ಆ ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಜವಾಬ್ದಾರಿ ನನ್ನದು. ವಂದನಾರ್ಪಣೆಯನ್ನೂ ನಾನೇ ಮಾಡುತ್ತೇನೆ. ಈ ಸಲ ಯಾರಿಗೆ ವಂದನೆ ಹೇಳಬೇಕೆಂಬುದು ನನಗೆ ಗೊತ್ತಿದೆ.